ಮಂಜುಗಡ್ಡೆಯ ಮೇಲೊಂದು ಧಿಗಿಣ

ಮಂಜುಗಡ್ಡೆಯ ಮೇಲೆ ಜಾರುವ ಈ ಸ್ಕೇಟಿಂಗ್ ಬೂಟನ್ನು ಮೊದಲು ನಿಮ್ಮ ಕೈಗೆ ಕೊಟ್ಟುಬಿಡುತ್ತೇನೆ. ಮುಂದಿನ ಸಾಲಿನವರು ನೋಡಿ ಹಿಂದಕ್ಕೆ ದಾಟಿಸಿ. ಅಡಿಯಲ್ಲಿರುವ ಬ್ಲೇಡಿನ ಮೇಲೆ ಬೆರಳು ಎಳೆಯಬೇಡಿ, ಹರಿತ ಇದೆ. ಮಕ್ಕಳು ನೋಡುವಾಗ ದೊಡ್ಡವರು ಹಿಡಿದುಕೊಳ್ಳಿ. ನನ್ನ ತಂಗಿಯ ಮಗ ದುಬೈಯಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಒಂದು ದೊಡ್ಡ ಮಾಲಿನ ಒಳಗೆ ಮಂಜುಗಡ್ಡೆಯ ಅಂಕಣವೇ ಇದೆ. ಹೊರಗೆ ಮರಳುಗಾಡಿನ ಬಿಸಿಲು, ಒಳಗೆ ಮಕ್ಕಳು ಮಂಜಿನ ಮೇಲೆ ಜಾರುತ್ತಿರುತ್ತಾರೆ. ಯಾರೋ ಹಾಕಿ ಹಾಕಿ ಸವೆಸಿದ ಈ ಒಂದು ಕಾಲಿನ ಬೂಟನ್ನು ಅವನು ನನಗಾಗಿ ಕೇಳಿ ತಂದ.

ತಿರುಗಿಸಿ ನೋಡಿ. ಬ್ಲೇಡಿನ ದಪ್ಪ ಸುಮಾರು 4 ಮಿಲಿಮೀಟರ್. ತಳ ಚಪ್ಪಟೆ ಇಲ್ಲ. ನಡುವೆ ಉದ್ದಕ್ಕೂ ಸಣ್ಣ ತೋಡು ತೆಗೆದ ಹಾಗಿದೆ, ಅಲ್ವಾ? ತೋಡಿನ ಆಚೆ ಒಂದು ಅಂಚು, ಈಚೆ ಒಂದು ಅಂಚು. ಮೈಯನ್ನು ಸ್ವಲ್ಪ ಒಳಕ್ಕೆ ವಾಲಿಸಿದರೆ ಒಂದು ಅಂಚು ಮಂಜನ್ನು ಕಚ್ಚುತ್ತದೆ, ಹೊರಕ್ಕೆ ವಾಲಿಸಿದರೆ ಇನ್ನೊಂದು. ವಾಲಿದ ಕೂಡಲೇ ನೇರ ಹೋಗುತ್ತಿದ್ದ ಕಾಲು ಬಿಲ್ಲಿನ ಹಾಗೆ ಬಾಗಿ ಸಾಗುತ್ತದೆ. ಮುಂದಿನ ತುದಿಯಲ್ಲಿ ಗರಗಸದ ಹಲ್ಲಿನಂಥದ್ದು ಕಾಣುತ್ತದಲ್ಲ, ಅದನ್ನು ಮಂಜಿಗೆ ಊರಿ ಮೇಲಕ್ಕೆ ನೆಗೆಯುತ್ತಾರೆ. ಗಾಳಿಯಲ್ಲಿ ಮೂರು ಸುತ್ತು ಸುತ್ತುತ್ತಾರೆ. ಒಂದೇ ಕಾಲಲ್ಲಿ, ಹಿಮ್ಮುಖವಾಗಿ ಇಳಿಯುತ್ತಾರೆ. ಇಷ್ಟೆಲ್ಲ ಒಂದು ಸೆಕೆಂಡಿನ ಒಳಗೆ ಮುಗಿಯುತ್ತದೆ. ಇಳಿಯುವಾಗ ಇಡೀ ಮೈಯ ಭಾರ ಬೀಳುವುದು ನಿಮ್ಮ ಕೈಯಲ್ಲಿರುವ ಆ ಸಪೂರ ಕಬ್ಬಿಣದ ಮೇಲೆ.

ನಮಗೆ ಜಾರುವುದು ಅಂದರೆ ಹೆದರಿಕೆ. ಜೂನ್ ಬಂದರೆ ಮೆಟ್ಟಿಲಿಗೆ ಹಾವಸೆ ಹಿಡಿಯುತ್ತದೆ. ಅಂಗಳಕ್ಕೆ ಅಡಿಕೆ ಸೋಗೆ ಹಾಸುತ್ತೇವೆ. ತೋಡಿನ ಸಂಕ ದಾಟುವಾಗ ಅಮ್ಮಂದಿರು ಮಕ್ಕಳ ಕೈ ಬಿಡುವುದಿಲ್ಲ. ಜಾರುವುದರಲ್ಲಿ ಸುಖವೂ ಇದೆ ಅಂತ ನಮಗೆ ಗೊತ್ತಾಗಿದ್ದು ಅಡಿಕೆ ಹಾಳೆಯ ಮೇಲೆ ಕೂತಾಗ. ಒಬ್ಬ ಕೂರುವುದು, ಇನ್ನೊಬ್ಬ ಸೋಗೆಯ ತುದಿ ಹಿಡಿದು ತೋಟದ ಇಳಿಜಾರಿನಲ್ಲಿ ಎಳೆಯುವುದು. ಇಲ್ಲಿರುವ ಹಿರಿಯರಲ್ಲಿ ಆ ಆಟ ಆಡದವರು ಯಾರೂ ಇರಲಿಕ್ಕಿಲ್ಲ. ಆ ಸುಖವನ್ನು ನೆನಪಿಟ್ಟುಕೊಳ್ಳಿ. ನಾನು ಹೇಳಹೊರಟವಳ ಬದುಕು ಶುರುವಾಗುವುದು ಅಲ್ಲಿಂದಲೇ.

ಸಂಘಟಕರು ಒಬ್ಬ ಕ್ರೀಡಾಪಟುವಿನ ಬಗ್ಗೆ ಮಾತಾಡಿ ಎಂದರು. ನಾನು ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಮಾಷ್ಟ್ರಾಗಿದ್ದವನು. ಕಬಡ್ಡಿಯವರ ಬಗ್ಗೆಯೋ ಓಟಗಾರರ ಬಗ್ಗೆಯೋ ಹೇಳಬಹುದು ಅಂತ ನೀವು ಬಂದಿರಬಹುದು. ನನ್ನ ಮನಸ್ಸಿನಲ್ಲಿ ಕೆಲವು ವರ್ಷಗಳಿಂದ ಕೂತಿರುವವಳು ಬೇರೆ. ಫ್ರಾನ್ಸ್ ದೇಶದವಳು. ನಮ್ಮ ಊರಲ್ಲಿ ಯಾರೂ ಆಡದ ಫಿಗರ್ ಸ್ಕೇಟಿಂಗ್ ಎಂಬ ಆಟದವಳು. ಹೆಸರು ಮಾತ್ರ ನಮ್ಮದೇ. ಸೂರ್ಯ. ಪೂರ್ತಿ ಹೆಸರು ಸೂರ್ಯ ಬೊನಾಲಿ.

ಹುಟ್ಟಿದ್ದು 1973ರ ಡಿಸೆಂಬರ್ 15ರಂದು, ಫ್ರಾನ್ಸಿನ ದಕ್ಷಿಣ ಕರಾವಳಿಯ ನೀಸ್ ಪಟ್ಟಣದಲ್ಲಿ. ಎಳೆಗೂಸಾಗಿದ್ದಾಗ ಸುಝಾನ್ ಮತ್ತು ಜಾರ್ಜ್ ಬೊನಾಲಿ ಎಂಬ ದಂಪತಿ ದತ್ತು ತೆಗೆದುಕೊಂಡರು. ಅವರು ಬಿಳಿಯರು, ಮಗು ಕಪ್ಪು. ನಮ್ಮ ಸಂಸ್ಕೃತದ ‘ಸೂರ್ಯ’ ಎಂಬ ಶಬ್ದವನ್ನೇ ಮಗುವಿಗೆ ಹೆಸರಾಗಿ ಇಟ್ಟರು. ತಾಯಿ ಸುಝಾನ್ ಶಾಲೆಯಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಿದ್ದವರು, ಅಂದರೆ ನನ್ನದೇ ಕೆಲಸ. ಮಂಜಿನ ಅಂಕಣದಲ್ಲೂ ಮಕ್ಕಳಿಗೆ ಕಲಿಸುತ್ತಿದ್ದರು. ಅಮ್ಮ ಕಲಿಸುವಾಗ ಮಗು ಅಲ್ಲೇ ಜಾರುತ್ತಾ ಬೆಳೆಯಿತು.

ಇಲ್ಲಿ ಒಂದು ಸಂಗತಿ ಹೇಳಲೇಬೇಕು, ಇದು ನಮ್ಮ ತೆಂಗಿನ ಊರಿಗೂ ತಟ್ಟುವ ಮಾತು. ಆಕೆ ಹೆಸರು ಮಾಡಲು ಶುರು ಮಾಡಿದಾಗ ಪತ್ರಿಕೆಗಳಲ್ಲಿ ಒಂದು ಕಥೆ ಬಂತು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ, ತೆಂಗಿನಕಾಯಿ ಬಿದ್ದಿರುವ ಕಡಲ ತೀರದಲ್ಲಿ ಸಿಕ್ಕಿದ ಮಗು ಇದು ಅಂತ. ಸುಳ್ಳು. ಹುಟ್ಟಿದ್ದು ನೀಸ್ ಪಟ್ಟಣದಲ್ಲೇ. ಕಥೆ ಚೆನ್ನಾಗಿರುತ್ತದೆ ಅಂತ ಅವಳ ಕಡೆಯವರಿಂದಲೇ ಹೊರಟ ಸುದ್ದಿ ಅದು. ಹದಿಹರೆಯದ ಹುಡುಗಿ ತನ್ನ ಹುಟ್ಟಿನ ಬಗ್ಗೆ ಪತ್ರಿಕೆಯಲ್ಲಿ ಇಂಥದ್ದನ್ನು ಓದಬೇಕಾಯಿತು. ಅವಳು ಮಂಜಿಗೆ ಇಳಿಯುವ ಮೊದಲೇ ಜನ ಅವಳನ್ನು ‘ಎಲ್ಲಿಂದಲೋ ಬಂದವಳು’ ಅಂತ ನೋಡಲು ಶುರು ಮಾಡಿದ್ದರು. ಕಾಸರಗೋಡಿನ ನಮಗೆ ಈ ನೋಟ ಗೊತ್ತಿದೆ. ತಿರುವನಂತಪುರಕ್ಕೆ ಹೋದರೆ ನಾವು ಕನ್ನಡದವರು, ಬೆಂಗಳೂರಿಗೆ ಹೋದರೆ ಕೇರಳದವರು. ನಮ್ಮ ಮನೆ ಎಲ್ಲಿ ಅಂತ ನಮಗೆ ಗೊತ್ತಿದ್ದರೆ ಸಾಲದು, ಎದುರಿಗಿರುವವರಿಗೂ ಪ್ರತಿಸಲ ಹೇಳಬೇಕಾಗುತ್ತದೆ.

ಸ್ಕೇಟಿಂಗ್ ಜೊತೆಗೆ ಸೂರ್ಯ ಜಿಮ್ನಾಸ್ಟಿಕ್ಸ್ ಕಲಿತಳು. ಅದರಲ್ಲೂ ಟಂಬ್ಲಿಂಗ್, ಅಂದರೆ ಓಡಿ ಬಂದು ಸಾಲಾಗಿ ಲಾಗ ಹಾಕುವುದು. ಆ ಮೈ ಮಂಜಿನ ಮೇಲೆ ಇಳಿದಾಗ ಏನಾಗಬಹುದು ಯೋಚಿಸಿ. ಎತ್ತರಕ್ಕೆ ಹಾರುತ್ತಿದ್ದಳು. ವೇಗವಾಗಿ ಸುತ್ತುತ್ತಿದ್ದಳು. ಫ್ರಾನ್ಸಿನ ರಾಷ್ಟ್ರೀಯ ಪ್ರಶಸ್ತಿ ಒಂಬತ್ತು ಸಲ, 1989ರಿಂದ 1997ರವರೆಗೆ ಸತತವಾಗಿ. ಯುರೋಪಿನ ಚಾಂಪಿಯನ್ ಐದು ಸಲ, ಅದೂ ಸತತವಾಗಿ, 1991ರಿಂದ 1995ರವರೆಗೆ. 1992ರಲ್ಲಿ ಒಲಿಂಪಿಕ್ಸ್ ಫ್ರಾನ್ಸಿನ ಆಲ್ಬರ್ಟ್‌ವಿಲ್‌ನಲ್ಲಿ ನಡೆದಾಗ ಎಲ್ಲ ಕ್ರೀಡಾಪಟುಗಳ ಪರವಾಗಿ ಪ್ರಮಾಣ ವಚನ ಹೇಳಿದ್ದು ಈ ಹುಡುಗಿ. ಆಗ ಅವಳಿಗೆ 18 ವರ್ಷ. ಅದೇ ಕೂಟದಲ್ಲಿ ಗಾಳಿಯಲ್ಲಿ ನಾಲ್ಕು ಸುತ್ತು ಸುತ್ತಲು ನೋಡಿದಳು. ಪೂರ್ತಿ ನಾಲ್ಕು ಆಗಲಿಲ್ಲ, ಸ್ವಲ್ಪ ಬಾಕಿ ಉಳಿಯಿತು. ಅಧಿಕೃತ ಸ್ಪರ್ಧೆಯಲ್ಲಿ ಹೆಣ್ಣುಮಗಳೊಬ್ಬಳ ನಾಲ್ಕು ಸುತ್ತು ಮೊದಲ ಬಾರಿ ದಾಖಲಾದದ್ದು 2002ರಲ್ಲಿ, ಜಪಾನಿನ ಮಿಕಿ ಆಂಡೊ ಹೆಸರಲ್ಲಿ. ಸೂರ್ಯ ಅದಕ್ಕೆ ಕೈ ಹಾಕಿದ್ದು ಹತ್ತು ವರ್ಷ ಮೊದಲು.

ಇಷ್ಟೆಲ್ಲ ಇದ್ದೂ ವಿಶ್ವ ಚಾಂಪಿಯನ್ ಆಗಲಿಲ್ಲ. ಒಲಿಂಪಿಕ್ ಪದಕವೂ ಸಿಗಲಿಲ್ಲ. ಯಾಕೆ ಅಂತ ಅರ್ಥವಾಗಬೇಕಾದರೆ ಆ ಆಟದಲ್ಲಿ ಅಂಕ ಹೇಗೆ ಕೊಡುತ್ತಿದ್ದರು ಅಂತ ತಿಳಿಯಬೇಕು.

‘ಫಿಗರ್’ ಸ್ಕೇಟಿಂಗ್ ಅಂತ ಯಾಕೆ ಹೆಸರು? ಫಿಗರ್ ಅಂದರೆ ಇಲ್ಲಿ ಮೈಕಟ್ಟು ಅಂತ ಅರ್ಥ ಇಲ್ಲ, ಆಕೃತಿ ಅಂತ. ಹಿಂದಿನ ಕಾಲದಲ್ಲಿ ಈ ಆಟದ ಮುಖ್ಯ ಭಾಗ ಮಂಜಿನ ಮೇಲೆ ಬ್ಲೇಡಿನಿಂದ ಗೆರೆ ಬರೆಯುವುದಾಗಿತ್ತು. ಎಂಟರ ಆಕಾರ, ಮೂರು ವೃತ್ತದ ಆಕಾರ, ಹೀಗೆ. ಬರೆದ ಗೆರೆಯ ಮೇಲೆಯೇ ಮತ್ತೆ ಹೋಗಬೇಕು, ಗೆರೆ ತಪ್ಪಬಾರದು. ಆಟಗಾರ್ತಿ ಆಚೆ ಹೋದ ಮೇಲೆ ತೀರ್ಪುಗಾರರು ಮಂಜಿನ ಮೇಲೆ ಬಗ್ಗಿ ಆ ಗೆರೆಗಳನ್ನು ನೋಡುತ್ತಿದ್ದರು. ಹೊಸ್ತಿಲ ರಂಗೋಲಿಯನ್ನು ಅತ್ತೆ ಬಗ್ಗಿ ನೋಡಿದ ಹಾಗೆ. 1990ರ ನಂತರ ಇದನ್ನು ದೊಡ್ಡ ಸ್ಪರ್ಧೆಗಳಿಂದ ತೆಗೆದುಹಾಕಿದರು. ರಂಗೋಲಿ ಹೋಯಿತು, ರಂಗೋಲಿ ನೋಡಿ ಅಭ್ಯಾಸವಾದ ಕಣ್ಣು ಹೋಗಲಿಲ್ಲ. ಅಂಚಿನ ಮೇಲೆ ಸದ್ದಿಲ್ಲದೆ, ನೀರು ಹರಿದ ಹಾಗೆ ಸಾಗುವವರನ್ನು ಕಂಡರೆ ಆ ಕಣ್ಣಿಗೆ ಖುಷಿ.

ಆಗ ಪ್ರತಿ ತೀರ್ಪುಗಾರರು ಎರಡು ಅಂಕ ಕೊಡುತ್ತಿದ್ದರು. ಒಂದು ತಾಂತ್ರಿಕತೆಗೆ, ಇನ್ನೊಂದು ಕಲೆಗೆ. ಒಂದೊಂದಕ್ಕೂ ಗರಿಷ್ಠ 6. ಸೂರ್ಯಳಿಗೆ ಜಿಗಿತದ ಅಂಕ ಬರುತ್ತಿತ್ತು. ಕಲೆಯ ಅಂಕ ಹಿಂದೆ ಬೀಳುತ್ತಿತ್ತು.

ಈಗ ನಮ್ಮ ರಂಗಸ್ಥಳಕ್ಕೆ ಬನ್ನಿ. ಯಕ್ಷಗಾನದ ಕವಿ ಪಾರ್ತಿಸುಬ್ಬನ ನೆಲದಲ್ಲಿ ಕೂತು ಇದನ್ನು ಹೇಳದೆ ಇರಲು ನನಗೆ ಸಾಧ್ಯ ಇಲ್ಲ. ನಮ್ಮ ತೆಂಕುತಿಟ್ಟು ಯಕ್ಷಗಾನದಲ್ಲಿ ಪುಂಡುವೇಷ, ಅಂದರೆ ಎಳೆಯ ವೀರನ ಪಾತ್ರ, ಬಂದರೆ ನಾವೆಲ್ಲ ಕಾಯುವುದು ಯಾವುದಕ್ಕೆ? ಧಿಗಿಣಕ್ಕೆ. ಚೆಂಡೆ ಏರುತ್ತದೆ. ಅಭಿಮನ್ಯು ರಂಗಸ್ಥಳದ ಸುತ್ತ ಗಾಳಿಯಲ್ಲೇ ಸುತ್ತುತ್ತಾ ಹೋಗುತ್ತಾನೆ. ಜನ ಲೆಕ್ಕ ಮಾಡುತ್ತಾರೆ, ಶಿಳ್ಳೆ ಹಾಕುತ್ತಾರೆ. ಅದೇ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಕೂತ ಒಬ್ಬ ಅಜ್ಜ ಎಲೆಯಡಿಕೆ ಜಗಿಯುತ್ತಾ, “ಸುಮ್ನೆ ಧಿಗಿಣ ಹಾಕಿದ್ರೆ ಆಯ್ತಾ? ಅರ್ಥ ಎಲ್ಲಿ, ಭಾವ ಎಲ್ಲಿ?” ಅನ್ನುತ್ತಾರೆ. ಈ ಜಗಳ ನನ್ನ ಅಪ್ಪನ ಕಾಲದಲ್ಲೂ ಇತ್ತು, ಈಗಲೂ ಇದೆ. ಅಜ್ಜನ ಮಾತು ಸುಳ್ಳಲ್ಲ. ಶಿಳ್ಳೆ ಹಾಕಿದ ಹುಡುಗನೂ ತಪ್ಪು ಮಾಡಿಲ್ಲ. ಸೂರ್ಯಳ ವಿಷಯದಲ್ಲಿ ಜಗತ್ತಿನ ಮಟ್ಟದಲ್ಲಿ ನಡೆದದ್ದು ಇದೇ ಜಗಳ.

ನ್ಯಾಯವಾಗಿ ಹೇಳಬೇಕು. ಅವಳಲ್ಲಿ ಕೊರತೆ ಇತ್ತು. ಅಂಚುಗಳ ಮೇಲಿನ ಹಿಡಿತ ಬೇರೆ ದೊಡ್ಡ ಆಟಗಾರ್ತಿಯರಷ್ಟು ಇರಲಿಲ್ಲ. ಒಂದು ಜಿಗಿತಕ್ಕೂ ಇನ್ನೊಂದಕ್ಕೂ ನಡುವೆ ಹೆಚ್ಚಿನ ಕೆಲಸ ಇರುತ್ತಿರಲಿಲ್ಲ. ಕೆಲವು ಜಿಗಿತಗಳಲ್ಲಿ ಸುತ್ತು ಪೂರ್ತಿ ಆಗುತ್ತಿರಲಿಲ್ಲ. ವಿಡಿಯೋಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ, ನನ್ನಂಥ ಹೊರಗಿನವನಿಗೂ ಅದು ಕಾಣುತ್ತದೆ. ಆದರೆ ಅವಳ ಬಗ್ಗೆ ಆಗ ಬಳಸುತ್ತಿದ್ದ ಮಾತುಗಳನ್ನೂ ಗಮನಿಸಿ. ಬಲ, ಸ್ನಾಯು, ಶಕ್ತಿ. ಇವು ಹೊಗಳಿಕೆಯ ಹಾಗೆ ಕೇಳುತ್ತವೆ. ಅದೇ ಹೊತ್ತಿಗೆ ಬೇರೆಯವರಿಗೆ ‘ಲಾಲಿತ್ಯ’, ‘ಸೊಬಗು’. ಮಂಜಿನ ರಾಣಿ ಅಂದರೆ ಹೇಗಿರಬೇಕು ಅಂತ ಒಂದು ಚಿತ್ರ ಮೊದಲೇ ಬರೆದಿಟ್ಟಾಗಿತ್ತು. ತೆಳ್ಳಗೆ, ಬೆಳ್ಳಗೆ. ಅಮೆರಿಕದಲ್ಲಿ ಮೇಬೆಲ್ ಫೇರ್‌ಬ್ಯಾಂಕ್ಸ್ ಎಂಬ ಕಪ್ಪು ಹೆಣ್ಣುಮಗಳನ್ನು 1930ರ ದಶಕದಲ್ಲಿ ಅಂಕಣದ ಒಳಗೇ ಬಿಟ್ಟಿರಲಿಲ್ಲ. ಆಕೆ ಮುಂದೆ ದೊಡ್ಡ ತರಬೇತುದಾರಳಾದಳು. 1986ರಲ್ಲಿ ಡೆಬಿ ಥಾಮಸ್ ವಿಶ್ವ ಚಾಂಪಿಯನ್ ಆದಳು. 1988ರಲ್ಲಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಳು. ಚಳಿಗಾಲದ ಒಲಿಂಪಿಕ್ಸ್‌ಗಳಲ್ಲೇ ಪದಕ ಗೆದ್ದ ಮೊದಲ ಕಪ್ಪು ಕ್ರೀಡಾಪಟು ಅವಳೇ. ಆಮೇಲೆ ವೈದ್ಯೆಯಾದಳು. ಸೂರ್ಯ ಬಂದದ್ದು ಇವರ ಹಿಂದೆ.

1993ರಲ್ಲಿ ಪ್ರಾಗ್‌ನಲ್ಲಿ ವಿಶ್ವ ಸ್ಪರ್ಧೆ. ಚಿನ್ನ ಉಕ್ರೇನಿನ ಒಕ್ಸಾನಾ ಬಾಯುಲ್‌ಗೆ, ಬೆಳ್ಳಿ ಸೂರ್ಯಳಿಗೆ. 1994ರ ಫೆಬ್ರವರಿಯಲ್ಲಿ ನಾರ್ವೆಯ ಲಿಲ್ಲೆಹ್ಯಾಮರ್ ಒಲಿಂಪಿಕ್ಸ್. ಅಲ್ಲಿ ನಾಲ್ಕನೆಯ ಸ್ಥಾನ. ನಾಲ್ಕನೆಯ ಸ್ಥಾನ ಅಂದರೆ ಏನು ಅಂತ ಶಾಲೆಯ ಕ್ರೀಡಾಕೂಟದಲ್ಲಿ ಓಡಿದ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಆ ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದ ಮೂವರೂ ಮುಂದಿನ ತಿಂಗಳು ಜಪಾನಿನ ಚಿಬಾದಲ್ಲಿ ನಡೆದ ವಿಶ್ವ ಸ್ಪರ್ಧೆಗೆ ಬರಲಿಲ್ಲ. ಈ ಸಲ ನನ್ನದು ಅಂತ ಸೂರ್ಯಳಿಗೆ ಅನಿಸಿರಲೇಬೇಕು.

ಎದುರಿಗಿದ್ದವಳು ಯುಕಾ ಸಾಟೊ. ಜಪಾನಿನವಳು. ಅಪ್ಪ ಅಮ್ಮ ಇಬ್ಬರೂ ಒಲಿಂಪಿಕ್ಸ್‌ನಲ್ಲಿ ಸ್ಕೇಟಿಂಗ್ ಮಾಡಿದವರು. ಅಪ್ಪ ನೊಬುವೊ ಸಾಟೊ ಹತ್ತು ಸಲ ಜಪಾನಿನ ಚಾಂಪಿಯನ್. ಭಾಗವತರ ಮನೆಯಲ್ಲಿ ಹುಟ್ಟಿದ ಮಗುವಿಗೆ ತಾಳ ಹೇಗೋ, ಆಕೆಗೆ ಬ್ಲೇಡಿನ ಅಂಚು ಹಾಗೆ. ಅವಳ ಕಾಲಿನ ಕೆಲಸ ನೋಡಲು ನಿಜವಾಗಿಯೂ ಚೆಂದ. ಅವಳು ಕದ್ದು ಗೆದ್ದವಳಲ್ಲ, ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಒಂಬತ್ತು ತೀರ್ಪುಗಾರರು. ಕೊನೆಗೆ ಐದು ಮಂದಿ ಸಾಟೊ ಕಡೆ, ನಾಲ್ಕು ಮಂದಿ ಸೂರ್ಯಳ ಕಡೆ. ಒಬ್ಬರೇ ಒಬ್ಬರ ಮನಸ್ಸು ಆಚೀಚೆ ಆಗಿದ್ದರೆ ಫಲಿತಾಂಶ ಬೇರೆ ಇರುತ್ತಿತ್ತು.

ಪದಕ ಕೊಡುವ ಹೊತ್ತು. ಸೂರ್ಯ ವೇದಿಕೆ ಏರಲಿಲ್ಲ. ಪಕ್ಕದಲ್ಲಿ ಮಂಜಿನ ಮೇಲೆ ನಿಂತಳು. ಅಧಿಕಾರಿಯೊಬ್ಬರು ಬಂದು ಒತ್ತಾಯ ಮಾಡಿ ಹತ್ತಿಸಿದರು. ಕೊರಳಿಗೆ ಬೆಳ್ಳಿ ಹಾಕಿದರು. ಅವಳು ಅದನ್ನು ತೆಗೆದು ಕೈಯಲ್ಲಿ ಹಿಡಿದಳು. ಕಣ್ಣಲ್ಲಿ ನೀರು. ಪ್ರೇಕ್ಷಕರಲ್ಲಿ ಕೆಲವರು ಕೂಗಿದರು. ಆ ವಿಡಿಯೋ ಈಗಲೂ ಸಿಗುತ್ತದೆ. ಅವಳಿಗೆ ಆಗ ಬರೀ 20 ವರ್ಷ. ನಾನು ಆಟದ ಮಾಷ್ಟ್ರು. ಸೋತಾಗ ಎದುರಾಳಿಯ ಕೈ ಕುಲುಕು ಅಂತ ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ್ದೇನೆ. ಆ ಪಾಠದಲ್ಲಿ ನನಗೆ ಈಗಲೂ ನಂಬಿಕೆ ಇದೆ. ಗೆದ್ದವಳ ಸಂತೋಷದ ಗಳಿಗೆಯನ್ನು ಹಾಳು ಮಾಡಬಾರದಿತ್ತು. ಹಾಗಂತ ಆ ಮುಖ ನೋಡಿದಾಗ ಬೈಯಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೆ ನನ್ನದೇ ಒಂದು ಕಾರಣ ಇದೆ.

ನನ್ನ ಶಾಲೆಯಲ್ಲಿ ಒಬ್ಬ ಹುಡುಗಿ ಇದ್ದಳು. ಯಕ್ಷಗಾನ ತಂಡದಲ್ಲಿ ಅಭಿಮನ್ಯು ಅವಳೇ. ಕಾಲು ಅಂದರೆ ಕಾಲು. ಬೆಳಿಗ್ಗೆ ಮೈದಾನದಲ್ಲಿ ಎತ್ತರ ಜಿಗಿತ, ಸಂಜೆ ನಾಟ್ಯ. ಧಿಗಿಣ ಕಲಿಯುವಾಗ ಪಾದದ ಅಡಿ ಬಿರಿದು ರಕ್ತ ಬರುತ್ತಿತ್ತು. ತೆಂಗಿನೆಣ್ಣೆ ಹಚ್ಚಿ ಮತ್ತೆ ಹಾರುತ್ತಿದ್ದಳು. ಒಂದು ವರ್ಷ ಕಲೋತ್ಸವಕ್ಕೆ ತಂಡದ ಜೊತೆ ನಾನೂ ಹೋಗಿದ್ದೆ. ಅವಳು ರಂಗದಲ್ಲಿ ಸುತ್ತಿದ ಆ ದಿನ ಸಭೆಯಲ್ಲಿ ಕೂತಿದ್ದವರು ಎದ್ದು ನಿಂತರು. ಎರಡನೆಯ ಸ್ಥಾನ ಬಂತು. ಮೊದಲ ಸ್ಥಾನದವರು ಮಾತ್ರ ಮುಂದಿನ ಹಂತಕ್ಕೆ. ತೀರ್ಪುಗಾರರಲ್ಲಿ ಒಬ್ಬರು ಆಮೇಲೆ ನನ್ನ ಹತ್ತಿರ, “ಹೆಣ್ಣುಮಕ್ಕಳಿಗೆ ಇಷ್ಟು ಹಾರಾಟ ಯಾಕೆ ಮಾಷ್ಟ್ರೇ, ಸ್ವಲ್ಪ ಲಾಸ್ಯ ಇರಲಿ” ಎಂದರು. ಅಭಿಮನ್ಯುವಿಗೆ ಲಾಸ್ಯ! ಚಕ್ರವ್ಯೂಹದ ಒಳಗೆ ಹೋಗುವವನಿಗೆ. ಅಪೀಲ್ ಹಾಕೋಣ ಅಂತ ಮಕ್ಕಳ ತಂದೆತಾಯಿ ಹೇಳಿದರು. ದುಡ್ಡು ಕಟ್ಟಬೇಕು, ಓಡಾಡಬೇಕು. ನಾನು ಬೇಡ ಎಂದೆ. ಬಿಡಿ, ಮುಂದಿನ ವರ್ಷ ನೋಡೋಣ ಎಂದೆ. ಅವಳಿಗೆ ಅದು ಶಾಲೆಯ ಕೊನೆಯ ವರ್ಷ ಅಂತ ನನಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಅವಳು ಬಣ್ಣ ತೆಗೆಯದೆ ಕೂತಿದ್ದಳು. ಗೆಜ್ಜೆ ಬಿಚ್ಚಿರಲಿಲ್ಲ. ಚಿಬಾದ ಆ ಮುಖ ನೋಡಿದಾಗೆಲ್ಲ ನನಗೆ ಕಾಣುವುದು ಇದು.

1995ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಚೀನಾದ ಚೆನ್ ಲು ಗೆದ್ದಳು. ಸೂರ್ಯಳಿಗೆ ಮತ್ತೆ ಬೆಳ್ಳಿ, ಸತತ ಮೂರನೆಯದು. 1996ರಲ್ಲಿ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು, ಅಕಿಲಿಸ್ ಅನ್ನುತ್ತಾರಲ್ಲ, ಅದು ಹರಿಯಿತು. ಮಕ್ಕಳೇ, ನಿಮ್ಮ ಹಿಮ್ಮಡಿಯ ಮೇಲೆ ಎರಡು ಬೆರಳಲ್ಲಿ ಹಿಡಿದು ನೋಡಿ. ಹಗ್ಗದ ಹಾಗೆ ಬಿಗಿಯಾಗಿ ಸಿಗುತ್ತದೆ. ನಡೆಯಲು, ಓಡಲು, ಹಾರಲು ಎಲ್ಲದಕ್ಕೂ ಅದು ಬೇಕು. ಹಾರಿಯೇ ಬದುಕಿದವಳಿಗೆ ಅದೇ ಹರಿದರೆ ಮುಂದೇನು? ಆದರೂ ವಾಪಸ್ ಬಂದಳು. 1998ರ ಫೆಬ್ರವರಿಗೆ ಜಪಾನಿನ ನಗಾನೊ ಒಲಿಂಪಿಕ್ಸ್‌ಗೆ ತಲುಪಿದಳು. ಅವಳ ಮೂರನೆಯ ಒಲಿಂಪಿಕ್ಸ್, ವಯಸ್ಸು 24. ಆ ಸಲ ಚಿನ್ನ ಗೆದ್ದ ತಾರಾ ಲಿಪಿನ್ಸ್ಕಿಗೆ 15 ವರ್ಷ. ಅಂತರ ಎಷ್ಟು ಅಂತ ನೋಡಿ.

ಈಗ ಲಾಗದ ವಿಷಯ. ಹಿಂದಕ್ಕೆ ಲಾಗ ಹಾಕುವುದು, ಬ್ಯಾಕ್‌ಫ್ಲಿಪ್. 1976ರಲ್ಲಿ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಟೆರಿ ಕುಬಿಕಾ ಅದನ್ನು ಮಾಡಿ ತೋರಿಸಿದ. (ಈತ ಮುಂದೆ ಪಶುವೈದ್ಯನಾದ. ನನಗೆ ಈ ವಿವರ ಯಾಕೋ ಇಷ್ಟ.) ಅದಾದ ಮೇಲೆ ಸ್ಪರ್ಧೆಗಳಲ್ಲಿ ಲಾಗ ನಿಷೇಧವಾಯಿತು. ಅಪಾಯ ಅನ್ನುವುದು ಒಂದು ಕಾರಣ, ಅದನ್ನು ತಳ್ಳಿಹಾಕುವಂತಿಲ್ಲ. ತಲೆ ಕೆಳಗೆ, ಮಂಜು ಕಲ್ಲಿನ ಹಾಗೆ ಗಟ್ಟಿ, ಕಾಲಲ್ಲಿ ಚೂರಿಯಂಥ ಬ್ಲೇಡ್. ಇನ್ನೊಂದು ವಾದವೂ ಇತ್ತು. ಈ ಆಟದಲ್ಲಿ ಜಿಗಿದವರು ಒಂದು ಕಾಲಲ್ಲಿ ಇಳಿಯಬೇಕು. ಲಾಗ ಹಾಕಿದವರು ಎರಡು ಕಾಲಲ್ಲಿ ಇಳಿಯುತ್ತಾರೆ. ಆದ್ದರಿಂದ ಅದು ಸ್ಕೇಟಿಂಗ್ ಅಲ್ಲ, ಅಂತ.

ಸೂರ್ಯಳಿಗೆ ಲಾಗ ಚಿಕ್ಕಂದಿನಿಂದ ಬರುತ್ತಿತ್ತು. ಪ್ರದರ್ಶನಗಳಲ್ಲಿ ಹಾಕುತ್ತಿದ್ದಳು. 1992ರ ಒಲಿಂಪಿಕ್ಸ್‌ನ ಅಭ್ಯಾಸದ ಹೊತ್ತಲ್ಲಿ ಹಾಕಿ, ಇನ್ನು ಹಾಕಬೇಡ ಅಂತ ಹೇಳಿಸಿಕೊಂಡಿದ್ದಳು. ಸ್ಪರ್ಧೆಯ ಒಳಗೆ ಮಾತ್ರ ಹಾಕಿರಲಿಲ್ಲ.

ನಗಾನೊದಲ್ಲಿ ಚಿಕ್ಕ ಸುತ್ತು ಮುಗಿದಾಗ ಅವಳು ಆರನೆಯ ಸ್ಥಾನದಲ್ಲಿದ್ದಳು. ಉಳಿದದ್ದು ಕೊನೆಯ ದೊಡ್ಡ ಸುತ್ತು. ಕಾಲು ನೋಯುತ್ತಿತ್ತು. ಪದಕ ಬರುವುದಿಲ್ಲ ಅಂತ ಗೊತ್ತಿತ್ತು. ನೀಲಿ ಉಡುಪು ಹಾಕಿ ಇಳಿದಳು.

ನಾನು ಇದನ್ನು ಆ ವರ್ಷ ನೋಡಿದವನಲ್ಲ. ನಿವೃತ್ತಿಯಾದ ಮೇಲೆ ಒಂದು ಮಳೆಗಾಲದ ಮಧ್ಯಾಹ್ನ, ಕರೆಂಟ್ ಇಲ್ಲ, ತಂಗಿಯ ಮಗನ ಫೋನಿನಲ್ಲಿ ನೋಡಿದ್ದು. “ಮಾವ, ನಿಮ್ಮ ಧಿಗಿಣದ ಹಾಗೆ ಒಂದು ಉಂಟು, ನೋಡಿ” ಅಂತ ಅವನು ಕೊಟ್ಟ. ಕೈಯಗಲದ ಪರದೆ. ಅವಳು ಹಿಮ್ಮುಖವಾಗಿ ಜಾರಿಕೊಂಡು ಬರುತ್ತಾಳೆ. ಮುಖದಲ್ಲಿ ಏನೂ ಇಲ್ಲ. ತಟಕ್ಕನೆ ಮೈ ಹಿಂದಕ್ಕೆ ಬಾಗುತ್ತದೆ, ತಲೆ ಕೆಳಗಾಗುತ್ತದೆ, ಕಾಲುಗಳು ಮೇಲೆ ಕತ್ತರಿಯ ಹಾಗೆ ಅಗಲವಾಗುತ್ತವೆ. ಎರಡೂ ಕಾಲು ಒಟ್ಟಿಗೆ ಕೆಳಗೆ ಬರಬೇಕಿತ್ತು. ಬರಲಿಲ್ಲ. ಒಂದು ಕಾಲು ಮಂಜನ್ನು ಮುಟ್ಟಿತು, ಇನ್ನೊಂದು ಹಿಂದಕ್ಕೆ ಗಾಳಿಯಲ್ಲೇ ಉಳಿಯಿತು. ಆ ಒಂದು ಕಾಲಿನ ಮೇಲೆ ಹಾಗೆಯೇ ಜಾರಿಕೊಂಡು ಹೋದಳು.

ಒಂದು ಕಾಲಿನಲ್ಲಿ. ಅವರ ವಾದಕ್ಕೆ ಅವಳ ಉತ್ತರ ಅದು. ಎರಡು ಕಾಲಲ್ಲಿ ಇಳಿಯುತ್ತೀರಿ, ಆದ್ದರಿಂದ ಇದು ಸ್ಕೇಟಿಂಗ್ ಅಲ್ಲ ಅಂದಿರಲ್ಲ, ಇಗೋ ಒಂದು ಕಾಲು. ಒಂದು ಮಾತೂ ಆಡಲಿಲ್ಲ. ಅರ್ಜಿ ಕೊಡಲಿಲ್ಲ. ಈ ಬ್ಲೇಡಿನಷ್ಟೇ ಸಪೂರದ ಒಂದು ಗೆರೆಯ ಮೇಲೆ ಉತ್ತರ ಬರೆದು ತೋರಿಸಿದಳು. ಒಲಿಂಪಿಕ್ಸ್‌ನಲ್ಲಿ ಹಾಗೆ ಇಳಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ.

ಅಂಕ ಕಡಿತವಾಯಿತು. ಅವಳಿಗೆ ಅದು ಮೊದಲೇ ಗೊತ್ತಿತ್ತು. ಆಟ ಮುಗಿದಾಗ ತೀರ್ಪುಗಾರರಿಗೆ ಬೆನ್ನು ಮಾಡಿ ಜನರ ಕಡೆ ತಿರುಗಿ ಬಗ್ಗಿ ನಮಸ್ಕಾರ ಮಾಡಿದಳು. ಕೊನೆಗೆ ಸಿಕ್ಕಿದ್ದು ಹತ್ತನೆಯ ಸ್ಥಾನ. ನಾಲ್ಕು ವರ್ಷ ಹಿಂದೆ ಚಿಬಾದಲ್ಲಿ ಇದೇ ಹುಡುಗಿ ಅಳುತ್ತಾ ಬೆಳ್ಳಿ ಪದಕ ಬಿಚ್ಚಿದ್ದಳು. ಇಲ್ಲಿ ಹತ್ತನೆಯವಳಾಗಿ ನಗುತ್ತಿದ್ದಾಳೆ. ನಾನು ಈ ಎರಡು ವಿಡಿಯೋಗಳನ್ನು ಒಂದರ ಮೇಲೆ ಒಂದು ಎಷ್ಟೋ ಸಲ ನೋಡಿದ್ದೇನೆ. ಎರಡನೆಯದರಲ್ಲಿ ಅವಳು ಯಾರ ಅಂಕಕ್ಕೂ ಕಾಯುತ್ತಿಲ್ಲ. ಅಂಕಪಟ್ಟಿಯಲ್ಲಿ ಜಾಗವೇ ಇಲ್ಲದ ಒಂದನ್ನು, ತನಗೆ ಚಿಕ್ಕಂದಿನಿಂದ ಬರುತ್ತಿದ್ದ ಒಂದನ್ನು, ಜಗತ್ತಿನ ಎದುರು ಇಟ್ಟುಬಿಟ್ಟಿದ್ದಾಳೆ. ಅಷ್ಟು ಕಷ್ಟದ್ದನ್ನು ಅಷ್ಟು ಚೊಕ್ಕವಾಗಿ ಮಾಡುವುದು ಕಲೆಯಲ್ಲದಿದ್ದರೆ ಕಲೆ ಯಾವುದು ಅಂತ ನನಗೆ ತಿಳಿಯುವುದಿಲ್ಲ.

ಆ ಒಲಿಂಪಿಕ್ಸ್ ಬಳಿಕ ಸ್ಪರ್ಧೆ ಬಿಟ್ಟಳು. ಅಮೆರಿಕಕ್ಕೆ ಹೋದಳು. ಚಾಂಪಿಯನ್ಸ್ ಆನ್ ಐಸ್ ಎಂಬ ಪ್ರದರ್ಶನ ತಂಡದ ಜೊತೆ ಊರೂರು ತಿರುಗಿದಳು. ನಮ್ಮ ಮೇಳಗಳ ತಿರುಗಾಟದ ಹಾಗೆ ಅಂದುಕೊಳ್ಳಿ. ಅಲ್ಲಿ ನಿಷೇಧ ಇಲ್ಲ, ಲಾಗ ಹಾಕಬಹುದು, ಜನ ಅದಕ್ಕೇ ಬರುತ್ತಿದ್ದರು. 2004ರಲ್ಲಿ ಅಮೆರಿಕದ ಪೌರತ್ವ ಪಡೆದಳು. ಆಮೇಲೆ ಲಾಸ್ ವೇಗಸ್‌ನಲ್ಲಿ ಮಕ್ಕಳಿಗೆ ಕಲಿಸತೊಡಗಿದಳು. ಅಮ್ಮನ ಕೆಲಸಕ್ಕೇ ಬಂದು ನಿಂತಳು ನೋಡಿ.

ನಮ್ಮಲ್ಲಿ ಈ ಆಟ ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. ಶಿಮ್ಲಾದಲ್ಲಿ ಚಳಿಗಾಲದಲ್ಲಿ ತಾನಾಗಿ ಹೆಪ್ಪುಗಟ್ಟುವ ಅಂಕಣ ಸುಮಾರು ನೂರು ವರ್ಷಗಳಿಂದ ಇದೆ. ಮಂಜು ಇಲ್ಲದ ಕಡೆ ಚಕ್ರದ ಬೂಟು ಇದೆ. ಚಕ್ರದ ಮೇಲೆಯೂ ಇದೇ ರೀತಿ ಜಿಗಿತ, ಸುತ್ತು, ನಾಟ್ಯ ಎಲ್ಲ ಉಂಟು. 2010ರಲ್ಲಿ ಚೀನಾದ ಗ್ವಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಅನೂಪ್ ಕುಮಾರ್ ಯಾಮ ಅದರಲ್ಲಿ ಎರಡು ಕಂಚು ಗೆದ್ದ. ಒಂದು ಒಬ್ಬನೇ, ಇನ್ನೊಂದು ಅವನಿ ಪಂಚಾಲ್ ಜೊತೆ. ಇಲ್ಲಿ ರಸ್ತೆ ಬದಿ ಚಕ್ರದ ಬೂಟು ಹಾಕಿ ಓಡುವ ಮಕ್ಕಳನ್ನು ಗದರಿಸುವ ಮೊದಲು ಅವರಿಗೆ ಒಂದು ಸಿಮೆಂಟಿನ ಅಂಕಣ ಎಲ್ಲಿ ಕಟ್ಟಿಸಬಹುದು ಅಂತ ಪಂಚಾಯತಿನವರು ಯೋಚಿಸಿದರೆ ಒಳ್ಳೆಯದು. ಪಂಚಾಯತ್ ಸದಸ್ಯರು ಮುಂದಿನ ಸಾಲಿನಲ್ಲೇ ಇದ್ದಾರೆ.

ಲಾಗದ ಕಥೆ ಮುಂದುವರಿಯಿತು. 2024ರ ಜನವರಿ, ಲಿಥುವೇನಿಯಾದ ಕೌನಾಸ್‌ನಲ್ಲಿ ಯುರೋಪಿನ ಸ್ಪರ್ಧೆ. ಫ್ರಾನ್ಸಿನವನೇ ಆದ ಆಡಮ್ ಸಿಯಾವೊ ಹಿಮ್ ಫಾ ನಿಷೇಧ ಇದ್ದರೂ ಲಾಗ ಹಾಕಿದ. ಎರಡು ಅಂಕ ಹೋಯಿತು. ಆದರೂ ಚಿನ್ನ ಗೆದ್ದ. ಎರಡು ತಿಂಗಳ ಮೇಲೆ ಕೆನಡಾದ ಮಾಂಟ್ರಿಯಲ್‌ನಲ್ಲಿ ವಿಶ್ವ ಸ್ಪರ್ಧೆ. ಮೊದಲ ಸುತ್ತಿನಲ್ಲಿ 19ನೆಯವನಾಗಿದ್ದ. ಕೊನೆಯ ಸುತ್ತಿನಲ್ಲಿ ಮತ್ತೆ ಲಾಗ ಹಾಕಿದ, ಕಂಚು ಗೆದ್ದ. ಅದೇ ವರ್ಷ ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ನಿಷೇಧವನ್ನು ತೆಗೆಯಿತು. ಈಗ ಲಾಗ ಹಾಕಿದರೆ ಅಂಕ ಕಡಿಯುವುದಿಲ್ಲ. ಸೂರ್ಯಳಿಗೆ ಆಗ 50 ವರ್ಷ. ನಗಾನೊದ ಹತ್ತನೆಯ ಸ್ಥಾನ ದಾಖಲೆಯಲ್ಲಿ ಹತ್ತನೆಯದಾಗಿಯೇ ಇದೆ.

ಆ ಸುದ್ದಿ ಓದಿದ ದಿನ ನಾನು ಆ ಹಳೆಯ ವಿದ್ಯಾರ್ಥಿನಿಗೆ ಫೋನ್ ಮಾಡಿದೆ. ಅವಳು ಈಗ ಸಹಕಾರಿ ಸಂಘದಲ್ಲಿ ಕೆಲಸದಲ್ಲಿದ್ದಾಳೆ. ಒಂದು ವಿಡಿಯೋ ಕಳಿಸಿದ್ದೇನೆ, ನೋಡು ಎಂದೆ. ರಾತ್ರಿ ವಾಪಸ್ ಫೋನ್ ಬಂತು. ಅಂಕ ಎಷ್ಟು ಸಿಕ್ಕಿತು ಅಂತ ಅವಳು ಕೇಳಲಿಲ್ಲ. “ಮಾಷ್ಟ್ರೇ, ಇಳಿಯುವ ಮೊದಲು ಅವಳ ಕಣ್ಣು ಎಲ್ಲಿ ನೋಡ್ತಾ ಉಂಟು? ಅದನ್ನು ನಿಧಾನ ಮಾಡಿ ನೋಡಲಿಕ್ಕೆ ಆಗ್ತದಾ?” ಅಂತ ಕೇಳಿದಳು. ಧಿಗಿಣ ಕಲಿಸುವಾಗ ಮಕ್ಕಳಿಗೆ ತಲೆ ತಿರುಗುವುದು ಕಣ್ಣನ್ನು ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿಲ್ಲದೆ ಅಂತೆ. ಹತ್ತು ನಿಮಿಷ ಅದನ್ನೇ ಮಾತಾಡಿದೆವು. ಕಲೋತ್ಸವದ ಆ ದಿನದ ಬಗ್ಗೆ ನಾನು ಕ್ಷಮೆ ಕೇಳಬೇಕು ಅಂದುಕೊಂಡಿದ್ದೆ. ಅವಳು ಅದಕ್ಕೆ ಜಾಗವೇ ಕೊಡಲಿಲ್ಲ. ಇಲ್ಲೇ, ನಿಮ್ಮೆಲ್ಲರ ಎದುರು ಕೇಳಿಬಿಡುತ್ತೇನೆ. ಅವಳು ಚೌಕಿಯಲ್ಲಿದ್ದಾಳೆ, ಕೇಳಿಸುತ್ತಿರಬಹುದು. ಆ ದಿನ ನಾನು ಅಪೀಲ್ ಹಾಕಬೇಕಿತ್ತಮ್ಮ.

ಇನ್ನು ನಾನು ಜಾಸ್ತಿ ಹೊತ್ತು ತೆಗೆದುಕೊಳ್ಳಬಾರದು. ಅವಳು ಕಲಿಸಿದ ಮಕ್ಕಳು ಬಣ್ಣ ಹಚ್ಚಿ ಕಾಯುತ್ತಿದ್ದಾರೆ, ಚೆಂಡೆಯವರು ಬಂದಾಯಿತು. ಇವತ್ತಿನ ಅಭಿಮನ್ಯು ಏಳನೇ ತರಗತಿಯ ಹುಡುಗಿ. ಅಂದ ಹಾಗೆ, ಆ ಬೂಟು ಈಗ ಯಾರ ಕೈಯಲ್ಲಿದೆ? ಹಿಂದಿನ ಸಾಲಿನಲ್ಲಿ ಕಾಣುತ್ತಿಲ್ಲ. ಚೌಕಿಗೆ ಹೋಯಿತಾ? ಇರಲಿ, ಇರಲಿ. ಅವರು ನೋಡಿ ಆಗಲಿ, ಆಮೇಲೆ ಕೊಟ್ಟರೆ ಸಾಕು.